ಕಡಿಮೆ ಖರ್ಚಿನಲ್ಲಿ ಹಳೇ ಮನೆಗೆ ಬೆಲೆ ಬರಬೇಕು ಅಂದರೆ ಮೊದಲು ಏನು ಮಾಡಿಸಬೇಕು? (ಮೈಸೂರು, 30-40 ಸೈಟ್)

ಸಹನಾ_ಕುವೆಂಪುನಗರ

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪ ಕಟ್ಟಿಸಿದ ಮನೆ ಕುವೆಂಪುನಗರದಲ್ಲಿದೆ. 1989ರಲ್ಲಿ ಗೃಹಪ್ರವೇಶ ಆದದ್ದು. ಕೆಳಗೆ ಎರಡು ಬೆಡ್‌ರೂಮಿನ ಮನೆ, ಮೇಲೆ ಒಂದು ಚಿಕ್ಕ ಮನೆ. ಹಾಲಿನಲ್ಲಿ ಮೊಸಾಯಿಕ್, ರೂಮುಗಳಲ್ಲಿ ರೆಡ್ ಆಕ್ಸೈಡ್ ನೆಲ. ಅಪ್ಪ ಹೋದ ಮೇಲೆ ಅಮ್ಮ ಒಬ್ಬರೇ ಕೆಳಗಿದ್ದಾರೆ. ಮೇಲಿನ ಮನೆ ಖಾಲಿ ಬಿದ್ದಿದೆ. ಈಗ ಅದನ್ನು ಬಾಡಿಗೆಗೆ ಕೊಡಬೇಕು ಅಂತ ಇದ್ದೀವಿ, ಇನ್ನು ಕೆಲವು ವರ್ಷಕ್ಕೆ ಅಮ್ಮನನ್ನು ನಮ್ಮ ಜೊತೆ ಕರೆದುಕೊಂಡು ಹೋಗಬೇಕಾಗಿ ಬಂದರೆ ಮಾರುವ ಯೋಚನೆಯೂ ಇದೆ.

ಕೈಯಲ್ಲಿರುವುದು ಒಂದು ಲಕ್ಷ. ಅದಕ್ಕಿಂತ ಜಾಸ್ತಿ ಆಗಲ್ಲ. ಕೇಳಿದವರೆಲ್ಲ ಒಂದೊಂದು ಹೇಳುತ್ತಾರೆ. ಮಾಡ್ಯುಲರ್ ಕಿಚನ್ ಮಾಡಿಸಿ ಅನ್ನುತ್ತಾರೆ ಒಬ್ಬರು, ಹಳೇ ನೆಲದ ಮೇಲೆ ವಿಟ್ರಿಫೈಡ್ ಟೈಲ್ಸ್ ಹಾಕಿಸಿ ಅನ್ನುತ್ತಾರೆ ಇನ್ನೊಬ್ಬರು, ಫಾಲ್ಸ್ ಸೀಲಿಂಗ್ ಹಾಕಿದರೆ ಮನೆ ಹೊಸದಾಗಿ ಕಾಣುತ್ತೆ ಅಂತ ನಮ್ಮ ಚಿಕ್ಕಪ್ಪ. ಮನೆಯ ಸ್ಥಿತಿ ಹೇಳಬೇಕು ಅಂದರೆ ಮೇಲಿನ ರೂಮಿನ ಸೀಲಿಂಗಿನಲ್ಲಿ ಒಂದು ಮೂಲೆ ಮಳೆಗಾಲದಲ್ಲಿ ಕಪ್ಪಾಗುತ್ತದೆ, ಕೆಳಗಿನ ಹಾಲಿನ ಪಶ್ಚಿಮದ ಗೋಡೆಯಲ್ಲಿ ನೆಲದಿಂದ ಎರಡು ಅಡಿ ಎತ್ತರದವರೆಗೆ ಪೇಂಟ್ ಉಬ್ಬಿ ಉದುರುತ್ತದೆ, ಫ್ಯೂಸ್ ಇನ್ನೂ ತಂತಿ ಕಟ್ಟುವ ಹಳೇ ಕಿಟ್‌ಕ್ಯಾಟ್ ಫ್ಯೂಸೇ. ಈ ದುಡ್ಡಿನಲ್ಲಿ ಯಾವುದಕ್ಕೆ ಮೊದಲು ಕೈ ಹಾಕಲಿ?

ಬೋಗಾದಿ_ಇಂಜಿನಿಯರ್

ಸಹನಾ ಅವರೇ, ಕಟ್ಟಡದ ಕೆಲಸದಲ್ಲೇ ಇದ್ದು ನಿವೃತ್ತಿ ಆದವನು ನಾನು. ನಿಮ್ಮ ಪ್ರಶ್ನೆಯ ಕೊನೆಯ ಸಾಲುಗಳಲ್ಲೇ ಉತ್ತರ ಇದೆ. ಮೊದಲು ನೀರು ನಿಲ್ಲಿಸಿ. ಸೀಲಿಂಗ್ ಮೂಲೆ ಕಪ್ಪಾಗುವುದು, ಗೋಡೆ ಉಬ್ಬುವುದು, ಇವೆರಡನ್ನು ಸರಿಮಾಡದೆ ಒಂದು ರೂಪಾಯಿಯನ್ನೂ ಅಂದಕ್ಕೆ ಹಾಕಬೇಡಿ. ಮನೆ ನೋಡಲು ಬಂದವರು ಬಾಗಿಲಿನಿಂದ ಒಳಗೆ ಕಾಲಿಟ್ಟ ತಕ್ಷಣ ನೋಡುವುದು ಸೀಲಿಂಗ್ ಮತ್ತು ಗೋಡೆಯ ಕೆಳಭಾಗ. ಅಲ್ಲಿ ಕಲೆ ಕಂಡರೆ ಅವರ ಮನಸ್ಸಿನಲ್ಲಿ ಸೋರುವ ಮನೆ ಅಂತ ಕೂತುಬಿಡುತ್ತದೆ, ಆಮೇಲೆ ನೀವು ಎಷ್ಟು ಚೆಂದದ ಅಡುಗೆಮನೆ ತೋರಿಸಿದರೂ ಅವರು ಹೇಳುವ ರೇಟು ಇಳಿದೇ ಇರುತ್ತದೆ. ಫಾಲ್ಸ್ ಸೀಲಿಂಗ್ ಅಂತೂ ಬೇಡವೇ ಬೇಡ. ಸೋರಿಕೆ ಕಾಣದ ಹಾಗೆ ಮುಚ್ಚುತ್ತದೆ ಅಷ್ಟೇ, ಒಳಗೆ ಕಬ್ಬಿಣ ತುಕ್ಕು ಹಿಡಿಯುವುದು ನಿಲ್ಲುವುದಿಲ್ಲ. ತುಕ್ಕು ಹಿಡಿದ ಕಂಬಿ ಊದಿಕೊಂಡು ಕಾಂಕ್ರೀಟನ್ನು ಕೆಳಗೆ ತಳ್ಳುತ್ತದೆ, ಆಗ ಖರ್ಚು ಲಕ್ಷದ ಲೆಕ್ಕದಲ್ಲಿ ಬರುತ್ತದೆ.

ಟೆರೇಸ್ ವಿಷಯ. ಬಹಳ ಸಲ ಇಡೀ ಸ್ಲ್ಯಾಬ್ ಸೋರುತ್ತಿರುವುದಿಲ್ಲ. ಪ್ಯಾರಪೆಟ್ ಗೋಡೆ ಮತ್ತು ಸ್ಲ್ಯಾಬ್ ಸೇರುವ ಮೂಲೆ, ಮಳೆನೀರಿನ ಪೈಪಿನ ಬಾಯಿ, ಸಿಂಟೆಕ್ಸ್ ಕೂರಿಸಿದ ಕಟ್ಟೆಯ ಬುಡ, ಈ ಮೂರು ಕಡೆ ನೋಡಿ. ಒಂದು ಬಕೆಟ್ ನೀರು ಸುರಿದು ಅದು ಎತ್ತ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ನೋಡಿದರೆ ವಾಟ ಸರಿ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ನೂರು ಅಡಿ ಉದ್ದಕ್ಕೆ ಕನಿಷ್ಠ ಒಂದು ಅಡಿ ಇಳಿಜಾರು ಬೇಕು. ಪಾಚಿ ಪೂರ್ತಿ ಕೆರೆದು ತೆಗೆಸಿ, ಬಿರುಕುಗಳನ್ನು ಸ್ವಲ್ಪ ಅಗಲ ಮಾಡಿ ಪಾಲಿಮರ್ ಬೆರೆಸಿದ ಗಾರೆ ತುಂಬಿಸಿ, ಪ್ಯಾರಪೆಟ್ ಮೂಲೆಯನ್ನು ಚೂಪಾಗಿ ಬಿಡದೆ ಗುಂಡಗೆ ಮಾಡಿಸಿ. ಆ ಮೇಲೆ ವಾಟರ್‌ಪ್ರೂಫ್ ಕೋಟಿಂಗ್ ಎರಡು ಸಲ, ಒಂದು ಉದ್ದಕ್ಕೆ, ಅದು ಒಣಗಿದ ಮೇಲೆ ಇನ್ನೊಂದು ಅಡ್ಡಕ್ಕೆ. ಮೂಲೆಗಳಲ್ಲಿ ಮಧ್ಯೆ ಫೈಬರ್ ಬಲೆ ಇಡಿಸಿ. ಮಾಮೂಲಿ ಪೇಂಟ್ ಬಳಿದು ವಾಟರ್‌ಪ್ರೂಫಿಂಗ್ ಅಂತ ಹೇಳುವವರಿದ್ದಾರೆ, ಡಬ್ಬದ ಮೇಲೆ ಏನು ಬರೆದಿದೆ ಅಂತ ನೀವೇ ಓದಿ.

ಸಮಯವೂ ಮುಖ್ಯ. ನಮ್ಮ ಮೈಸೂರಿನಲ್ಲಿ ಜೂನ್-ಜುಲೈಗಿಂತ ಮೇ ಮತ್ತು ಅಕ್ಟೋಬರ್ ಮಳೆ ಜೋರು. ಮಳೆ ಶುರುವಾದ ಮೇಲೆ ಮೇಸ್ತ್ರಿ ಹುಡುಕಿದರೆ ಸಿಗುವುದಿಲ್ಲ, ಸಿಕ್ಕರೂ ಸ್ಲ್ಯಾಬ್ ಒಣಗಿರುವುದಿಲ್ಲ. ಸಂಕ್ರಾಂತಿ ಕಳೆದು ಯುಗಾದಿಯೊಳಗೆ ಮುಗಿಸಿಬಿಡಿ.

ಇಂಟೀರಿಯರ್_ಹೆಬ್ಬಾಳ್

ಇಂಜಿನಿಯರ್ ಸರ್ ಹೇಳಿದ್ದಕ್ಕೆ ಎದುರು ಮಾತಿಲ್ಲ, ಆದರೆ ಅಡುಗೆಮನೆಯನ್ನು ಅಷ್ಟು ಸುಲಭವಾಗಿ ಬಿಡಬೇಡಿ. ಈಗಿನ ಕಾಲದಲ್ಲಿ ಮನೆ ತೆಗೆದುಕೊಳ್ಳುವ ತೀರ್ಮಾನ ಮಾಡುವುದು ಅಡುಗೆಮನೆ ನೋಡಿಯೇ. ಪೂರ್ತಿ ಮಾಡ್ಯುಲರ್ ಬೇಕಾಗಿಲ್ಲ. ಕಡಪ ಕಲ್ಲಿನ ಕಟ್ಟೆ ಗಟ್ಟಿಯಾಗಿದ್ದರೆ ಹಾಗೇ ಇರಲಿ, ಕೆಳಗಿನ ತೆರೆದ ಗೂಡುಗಳಿಗೆ ನೀರಿಗೆ ಜಗ್ಗದ ಬಿಡಬ್ಲ್ಯುಪಿ ಪ್ಲೈವುಡ್ಡಿನ ಬಾಗಿಲು ಮಾತ್ರ ಹಾಕಿಸಿ. ಸಿಂಕಿನ ಕೆಳಗೆ ಅಗ್ಗದ ಪಾರ್ಟಿಕಲ್ ಬೋರ್ಡ್ ಖಂಡಿತ ಬೇಡ, ನೀರು ಕುಡಿದು ಊದಿಕೊಳ್ಳುತ್ತದೆ. ಒಂದು ಒಳ್ಳೆ ಸಿಂಕು, ಉದ್ದ ಕುತ್ತಿಗೆಯ ನಲ್ಲಿ, ಕಟ್ಟೆಯ ಮೇಲೆ ಬೆಳಕು ಬೀಳುವ ಹಾಗೆ ಎಲ್ಇಡಿ ಪಟ್ಟಿ, ಮಿಕ್ಸಿ ಮತ್ತು ಇಂಡಕ್ಷನ್ ಒಲೆಗೆ ಬೇರೆ ಬೇರೆ ಪ್ಲಗ್ ಪಾಯಿಂಟ್. ಇಷ್ಟೇ ಮಾಡಿದರೂ ಹಳೇ ಅಡುಗೆಮನೆ ಅನ್ನಿಸುವುದಿಲ್ಲ.

ವಿಜಯನಗರ_ಬಾಡಿಗೆಮನೆ

ಮೇಡಂ, ನಾನು ಬಾಡಿಗೆ, ಭೋಗ್ಯದ ಮನೆಗಳನ್ನು ತೋರಿಸುವ ಕೆಲಸ ಮಾಡುತ್ತೇನೆ. ಬಾಡಿಗೆಗೆ ಬರುವವರು ನನ್ನ ಹತ್ತಿರ ಏನು ಕೇಳುತ್ತಾರೆ ಅಂತ ಹೇಳುತ್ತೇನೆ, ಫಾಲ್ಸ್ ಸೀಲಿಂಗ್ ಇದೆಯಾ ಅಂತ ಯಾರೂ ಕೇಳಲ್ಲ. ನೀರು ಕಾವೇರಿಯದೋ ಬೋರಿನದೋ, ಮೇಲಿನ ಮನೆಗೆ ಕರೆಂಟ್ ಮೀಟರ್ ಬೇರೆ ಇದೆಯಾ, ಗಾಡಿ ನಿಲ್ಲಿಸಲು ಜಾಗ ಎಲ್ಲಿ, ಕಿಟಕಿಗೆ ಸೊಳ್ಳೆ ಜಾಲರಿ ಇದೆಯಾ, ಕಮೋಡ್ ಇದೆಯಾ, ವಾಷಿಂಗ್ ಮೆಷಿನ್ ಇಡಲು ನಲ್ಲಿ ಮತ್ತು ನೀರು ಹೋಗುವ ದಾರಿ ಇದೆಯಾ. ಎಲ್ಲಾ ಇಂಥವೇ. ಇವುಗಳಲ್ಲಿ ಮುಕ್ಕಾಲು ಪಾಲು ಕಡಿಮೆ ದುಡ್ಡಿನ ಕೆಲಸ.

ಬೇರೆ ಮೀಟರ್ ಇಲ್ಲದಿದ್ದರೆ ಅದನ್ನೇ ಮೊದಲು ಮಾಡಿಸಿ. ಕರೆಂಟ್ ಕಂಪನಿ ಸೆಸ್ಕ್‌ಗೆ ಅರ್ಜಿ ಹಾಕಿ ಮೇಲಿನ ಮನೆಗೆ ಬೇರೆ ಆರ್‌ಆರ್ ನಂಬರ್ (ಬಿಲ್ ಮೇಲಿರುವ ಸಂಪರ್ಕದ ನಂಬರ್) ತೆಗೆದುಕೊಳ್ಳಿ. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಎರಡು ಮನೆಯವರು ಒಂದೇ ಮೀಟರಿನಲ್ಲಿ ಇದ್ದರೆ 200 ಯೂನಿಟ್ ದಾಟಿಬಿಡುತ್ತದೆ, ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು, ಆಮೇಲೆ ಯಾರದು ಎಷ್ಟು ಅಂತ ಜಗಳ. ಹಾಗೇ ಓದಿಕೊಂಡು ಮನೆಯಿಂದ ಕೆಲಸ ಮಾಡುವ ಹುಡುಗರು ಜಾಸ್ತಿ ಬರುತ್ತಾರೆ, ರೂಮಿನಲ್ಲಿ ಟೇಬಲ್ ಇಡುವ ಗೋಡೆಯ ಹತ್ತಿರ ಎರಡು ಪ್ಲಗ್ ಪಾಯಿಂಟ್ ಕೊಡಿಸಿ.

ಮೆಟ್ಟಿಲು ಹೊರಗಿನಿಂದ ಇದ್ದರೆ ಅಲ್ಲೊಂದು ಒಳ್ಳೆ ದೀಪ ಹಾಕಿಸಿ. ಸಂಜೆ ಮೇಲೆ ಮನೆ ನೋಡಲು ಬರುವವರೇ ಜಾಸ್ತಿ, ಕತ್ತಲೆ ಮೆಟ್ಟಿಲು ಹತ್ತಿ ಬಂದವರ ಮುಖ ನಾನು ದಿನಾ ನೋಡುತ್ತೇನೆ.

ಸಹನಾ_ಕುವೆಂಪುನಗರ

ಎಲ್ಲರಿಗೂ ಧನ್ಯವಾದ. ಮೀಟರ್ ಒಂದೇ ಇದೆ, ಅದನ್ನು ಯೋಚಿಸಿಯೇ ಇರಲಿಲ್ಲ. ಬೋಗಾದಿ ಸರ್, ಹಾಲಿನ ಗೋಡೆ ಬಗ್ಗೆ ಇನ್ನೊಂದು ಸ್ವಲ್ಪ ಹೇಳುತ್ತೀರಾ? ಪೇಂಟ್ ಅಂಗಡಿಯಲ್ಲಿ ಕೇಳಿದರೆ ಡ್ಯಾಂಪ್‌ಪ್ರೂಫ್ ಪೇಂಟ್ ಎರಡು ಕೋಟ್ ಹೊಡೆಸಿ ಸರಿಹೋಗುತ್ತೆ ಅಂದರು. ಆ ಗೋಡೆಯ ಆಚೆ ಕಡೆ ಅಮ್ಮ ಹೂವಿನ ಗಿಡ ಹಾಕಿದ್ದಾರೆ. ಗೋಡೆಯ ಮೇಲೆ ಬಿಳಿ ಬಿಳಿ ಪುಡಿ ಬರುತ್ತದೆ.

ಬೋಗಾದಿ_ಇಂಜಿನಿಯರ್

ಗಿಡ ಅಂದಿರಲ್ಲ, ಕಾರಣ ಬಹುತೇಕ ಅಲ್ಲೇ ಇದೆ ಅಮ್ಮಾ. ಆದರೂ ಖಾತ್ರಿ ಮಾಡಿಕೊಳ್ಳಿ. ಒಂದು ಅಡಿ ಉದ್ದ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಒಳಗಿನ ಗೋಡೆಗೆ ಇಟ್ಟು ನಾಲ್ಕೂ ಕಡೆ ಗಾಳಿ ಆಡದ ಹಾಗೆ ಟೇಪ್ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಗೋಡೆ ಕಡೆಯ ಮೈ ಒದ್ದೆಯಾದರೆ ತೇವ ಗೋಡೆಯೊಳಗಿಂದ ಬರುತ್ತಿದೆ ಅಂತ ಅರ್ಥ. ರೂಮಿನ ಕಡೆಯ ಮೈ ಒದ್ದೆಯಾದರೆ ಅದು ಮನೆಯೊಳಗಿನ ಗಾಳಿಯ ತೇವ, ಕಿಟಕಿ ತೆರೆದಿಟ್ಟರೆ ಸಾಕು.

ನಿಮ್ಮದು ಗೋಡೆಯೊಳಗಿನದೇ ಇರಬೇಕು. ಬಿಳಿ ಪುಡಿ ಅಂದರೆ ಉಪ್ಪು. ಮಣ್ಣಿನ ನೀರು ಇಟ್ಟಿಗೆಯಲ್ಲಿ ಏರುವಾಗ ಉಪ್ಪನ್ನೂ ಹೊತ್ತು ತರುತ್ತದೆ, ನೀರು ಆರಿಹೋಗಿ ಉಪ್ಪು ಮೇಲೆ ಉಳಿಯುತ್ತದೆ, ಅದೇ ಪೇಂಟನ್ನು ಎಬ್ಬಿಸುವುದು. ಇದರ ಮೇಲೆ ಯಾವ ಪೇಂಟ್ ಹೊಡೆಸಿದರೂ ನೀರು ಇನ್ನೂ ಸ್ವಲ್ಪ ಮೇಲೆ ಏರಿ ಅಲ್ಲಿ ಹೊರಗೆ ಬರುತ್ತದೆ. ಮನೆ ಕಟ್ಟುವಾಗ ಪಾಯದ ಮೇಲೆ ತೇವ ತಡೆಯಲು ಒಂದು ಪದರ ಹಾಕಿರುತ್ತಾರೆ, ಡಿಪಿಸಿ ಅಂತ. ವರ್ಷ ಕಳೆದ ಹಾಗೆ ರಸ್ತೆ ಮೇಲೆ ರಸ್ತೆ ಹಾಕಿ ಎತ್ತರ ಆಗುತ್ತದೆ, ನಾವೂ ಕಾಂಪೌಂಡಿನೊಳಗೆ ಮಣ್ಣು ತುಂಬಿಸುತ್ತೇವೆ, ಕೊನೆಗೆ ಮಣ್ಣು ಆ ಪದರ ದಾಟಿ ಗೋಡೆಗೇ ತಾಗುತ್ತದೆ. ಗಿಡಕ್ಕೆ ದಿನಾ ಹಾಕುವ ನೀರು ನೇರ ಗೋಡೆಗೆ.

ಮಾಡಬೇಕಾದದ್ದು ಇಷ್ಟು. ಗೋಡೆಗೆ ತಾಗಿರುವ ಮಣ್ಣನ್ನು ಆರೇಳು ಇಂಚು ತೆಗೆಸಿ. ಗಿಡಗಳನ್ನು ಕಾಂಪೌಂಡ್ ಕಡೆಗೆ ಸರಿಸಿ, ಅಮ್ಮನಿಗೆ ಬೇಜಾರಾಗದ ಹಾಗೆ ಕುಂಡದಲ್ಲಾದರೂ ಹಾಕಿಕೊಡಿ. ಮನೆಯ ಸುತ್ತ ಎರಡು ಅಡಿ ಅಗಲಕ್ಕೆ, ನೀರು ಗೋಡೆಯಿಂದ ಆಚೆ ಹೋಗುವ ಹಾಗೆ ವಾಟ ಕೊಟ್ಟು ಕಾಂಕ್ರೀಟ್ ಹಾಕಿಸಿ. ಒಳಗೆ ಹಾಳಾದ ಗಾರೆಯನ್ನು ಕಲೆ ಇರುವ ಎತ್ತರಕ್ಕಿಂತ ಒಂದಡಿ ಮೇಲಿನವರೆಗೂ ಕೆತ್ತಿಸಿ, ಉಪ್ಪನ್ನು ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆಸಿ. ನೀರು ಹಾಕಿ ತೊಳೆದರೆ ಉಪ್ಪು ಮತ್ತೆ ಒಳಗೆ ಹೋಗುತ್ತದೆ. ಒಂದು ಬೇಸಿಗೆ ಪೂರ್ತಿ ಆ ಗೋಡೆ ಬರೀ ಮೈಯಲ್ಲಿ ಒಣಗಲಿ. ಧೂಳಿಗೆ ಸೋಫಾ ಮೇಲೆ ಬಟ್ಟೆ ಹೊದಿಸಿಕೊಂಡರೂ ಸರಿ, ಅವಸರ ಮಾಡಬೇಡಿ. ಆಮೇಲೆ ಗಾರೆ, ಪುಟ್ಟಿ, ಪೇಂಟ್.

ಮೇಲಿನ ಬಾತ್‌ರೂಮಿನ ಕೆಳಗಿನ ಸೀಲಿಂಗನ್ನೂ ಒಮ್ಮೆ ನೋಡಿ. ಅಲ್ಲಿ ತೇವ ಇದ್ದರೆ ಟೈಲ್ಸ್ ಎಲ್ಲಾ ಒಡೆಯುವ ಮೊದಲು ನೆಲದ ನೀರು ಹೋಗುವ ನಹಾನಿ ಟ್ರ್ಯಾಪ್ ಸುತ್ತ ಬಿಚ್ಚಿಸಿ ಹೊಸದು ಕೂರಿಸಿ, ಟೈಲ್ಸ್ ಸಂದುಗಳ ಹಳೇ ಸಿಮೆಂಟ್ ಕೆರೆದು ಎಪಾಕ್ಸಿ ಗ್ರೌಟ್ ತುಂಬಿಸಿ ನೋಡಿ. ಹಲವು ಮನೆಗಳಲ್ಲಿ ಅಷ್ಟಕ್ಕೇ ನಿಂತಿದೆ.

ಅಗ್ರಹಾರದ_ಹಳೇಮನೆ

ಸಹನಾ, ದಯವಿಟ್ಟು ಆ ರೆಡ್ ಆಕ್ಸೈಡ್ ನೆಲದ ಮೇಲೆ ಟೈಲ್ಸ್ ಹಾಕಿಸಬೇಡಮ್ಮಾ. ನಮ್ಮದು ಅಗ್ರಹಾರದಲ್ಲಿ ಹೆಂಚಿನ ತೊಟ್ಟಿ ಮನೆ, ನೆಲ ನಮ್ಮ ಅತ್ತೆಯ ಕಾಲದ್ದು, ಇವತ್ತಿಗೂ ಕೂತರೆ ಏಳಲು ಮನಸ್ಸು ಬರಲ್ಲ ಅಷ್ಟು ತಂಪು. ಇಂಥ ನೆಲ ಈಗ ಹೊಸದಾಗಿ ಹಾಕಿಸಬೇಕು ಅಂದರೆ ನಯವಾಗಿ ಉಜ್ಜಿ ಮಾಡುವ ಕೈಗಳೇ ಸಿಗುವುದು ಕಷ್ಟ. ಇದ್ದದ್ದನ್ನು ಮುಚ್ಚಿ ಎಲ್ಲರ ಮನೆಯಲ್ಲಿ ಇರುವಂಥದ್ದನ್ನೇ ಹಾಕುವುದು ಯಾಕೆ ಹೇಳು?

ಇನ್ನೊಂದು ಕಷ್ಟವೂ ಇದೆ. ಟೈಲ್ಸ್ ಮತ್ತು ಗಾರೆ ಸೇರಿ ನೆಲ ಒಂದೂವರೆ ಎರಡು ಇಂಚು ಎತ್ತರ ಆಗುತ್ತದೆ. ಎಲ್ಲಾ ಬಾಗಿಲುಗಳನ್ನೂ ಕೆಳಗೆ ಕೊಯ್ಯಿಸಬೇಕು, ಹೊಸ್ತಿಲು ಮುಳುಗುತ್ತದೆ, ಬಾತ್‌ರೂಮಿನ ಮುಂದೆ ಎಡವುವ ಮೆಟ್ಟಿಲಾಗುತ್ತದೆ. ವಯಸ್ಸಾದ ಅಮ್ಮ ಇರುವ ಮನೆ ಅದು.

ರೆಡ್ ಆಕ್ಸೈಡಿಗೆ ಆಸಿಡ್ ಮುಟ್ಟಿಸಬೇಡ. ಬಿಸಿನೀರು, ಸ್ವಲ್ಪ ಸೋಪಿನಲ್ಲಿ ತೊಳೆದು ಒಣಗಿಸಿ, ತೆಳ್ಳಗೆ ಕೊಬ್ಬರಿ ಎಣ್ಣೆ ಹಚ್ಚಿ ಮಾರನೇ ದಿನ ಬಟ್ಟೆಯಲ್ಲಿ ಗಟ್ಟಿಯಾಗಿ ಉಜ್ಜು. ಎಣ್ಣೆ ಜಾಸ್ತಿಯಾದರೆ ಜಾರುತ್ತದೆ, ಧೂಳೂ ಕೂರುತ್ತದೆ. ಸೀಳು ಬಿಟ್ಟಿದ್ದರೆ ಬಿಳಿ ಸಿಮೆಂಟಿಗೆ ಅದೇ ಬಣ್ಣದ ಆಕ್ಸೈಡ್ ಕಲಸಿ ತುಂಬಿಸಿದರೆ ಆಯಿತು, ಬಣ್ಣ ಹೊಂದುತ್ತಾ ಅಂತ ಮೊದಲು ಮಂಚದ ಕೆಳಗೆ ಒಂದು ಕಡೆ ನೋಡಿಕೊ. ಹಾಲಿನ ಮೊಸಾಯಿಕ್‌ಗೆ ಮೆಷಿನ್ ಪಾಲಿಶ್ ಮಾಡಿಸು. ಮೂರು ನಾಲ್ಕು ಸಲ ಬೇರೆ ಬೇರೆ ಕಲ್ಲು ಹಾಕಿ ಉಜ್ಜುತ್ತಾರೆ, ಕೆಸರು ನೀರು ಗೋಡೆಗೆ ಸಿಡಿಯುತ್ತದೆ, ಅದಕ್ಕೆ ಪೇಂಟ್‌ಗೆ ಮೊದಲು ಈ ಕೆಲಸ. ಟೈಲ್ಸ್ ಹಾಕಿಸುವ ಖರ್ಚಿನ ಒಂದು ಭಾಗದಲ್ಲಿ ನೆಲ ಕನ್ನಡಿ ಥರ ಆಗುತ್ತದೆ.

ಮುಂಬಾಗಿಲು ತೇಗದ್ದೋ ಹೊನ್ನೆಯದ್ದೋ ನೋಡು. ಆ ಕಾಲದ ಮನೆಗಳಲ್ಲಿ ಒಳ್ಳೆ ಮರ ಹಾಕಿರುತ್ತಿದ್ದರು, ಮೇಲೆ ಎನಾಮೆಲ್ ಪೇಂಟ್ ಬಳಿದು ಬಳಿದು ದಪ್ಪ ಪದರ ಆಗಿರುತ್ತದೆ. ಅದನ್ನು ತೆಗೆಸಿ ಪಾಲಿಶ್ ಮಾಡಿಸಿದರೆ ಮನೆಯ ಮುಖವೇ ಬದಲಾಗುತ್ತದೆ. ಇಂಜಿನಿಯರ್ ಸರ್, ಹೆಂಚಿನ ಮನೆ, ಮದ್ರಾಸ್ ಟೆರೇಸ್ (ಮರದ ತೊಲೆ ಮೇಲೆ ಇಟ್ಟಿಗೆ-ಸುಣ್ಣದ ಚಾವಣಿ) ಮನೆ ಇರುವವರಿಗೂ ಒಂದು ಮಾತು ಹೇಳಿ, ಸುಣ್ಣದ ಗೋಡೆಗೆ ಸಿಮೆಂಟ್ ಮೆತ್ತಿಸಿ ಎಷ್ಟು ಜನ ಕಷ್ಟಪಡುತ್ತಿದ್ದಾರೆ ಇಲ್ಲಿ.

ಬೋಗಾದಿ_ಇಂಜಿನಿಯರ್

ಸರಿಯಾಗಿ ಹೇಳಿದಿರಿ. ಸುಣ್ಣದ ಗಾರೆ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ಬಿಡುವುದಿಲ್ಲ. ಸುಣ್ಣದ ಗೋಡೆಗೆ ಸುಣ್ಣದ ಗಾರೆಯೇ, ಮೇಲೆ ಸುಣ್ಣವೇ. ಸಹನಾ ಅವರ ಮನೆ 1989ರದು, ಆರ್‌ಸಿಸಿ, ಅವರಿಗೆ ಈ ತೊಂದರೆ ಇಲ್ಲ.

ಮಂಡ್ಯ_ಅಶೋಕನಗರ

ನಾವು ಮಂಡ್ಯದವರು, ಬಿಸಿಲು ನಿಮಗಿಂತ ಒಂದು ಕೈ ಮೇಲೆ. ಮೇಲಿನ ಮನೆ ಬಾಡಿಗೆಗೆ ಅಂದಿರಿ ಅಲ್ವಾ, ಅಲ್ಲಿ ಏಪ್ರಿಲ್‌ನಲ್ಲಿ ಮಧ್ಯಾಹ್ನ ಕೂರಲು ಆಗುತ್ತದಾ ನೋಡಿ. ಟೆರೇಸ್ ವಾಟರ್‌ಪ್ರೂಫಿಂಗ್ ಮಾಡಿಸುವಾಗ ಮೇಲಿನ ಪದರ ಬಿಳಿ ಬಣ್ಣದ್ದೇ ತೆಗೆದುಕೊಳ್ಳಿ, ಬಿಸಿಲನ್ನು ವಾಪಸ್ ಕಳಿಸುತ್ತದೆ, ಒಂದೇ ಖರ್ಚಿನಲ್ಲಿ ಎರಡು ಕೆಲಸ. ವರ್ಷಕ್ಕೊಮ್ಮೆ ಧೂಳು ತೊಳೆಯಬೇಕು, ಇಲ್ಲದಿದ್ದರೆ ಬಿಳಿ ಹೋಗಿ ಕಂದು ಆಗುತ್ತದೆ.

ಫ್ಯಾನ್ ಹಳೆಯವಾದರೆ ಕಡಿಮೆ ಕರೆಂಟ್ ಎಳೆಯುವ ಬಿಎಲ್‌ಡಿಸಿ ಫ್ಯಾನ್ ಹಾಕಿ. ಹಳೇದು 75 ವ್ಯಾಟ್, ಇದು 30ರ ಆಸುಪಾಸು. ದಿನಕ್ಕೆ ಹತ್ತು ಗಂಟೆ ತಿರುಗಿದರೆ ಒಂದು ಫ್ಯಾನಿಗೆ ತಿಂಗಳಿಗೆ 13 ಯೂನಿಟ್ ಉಳಿಯುತ್ತದೆ. ಮೇಲೆ ಒಬ್ಬರು ಹೇಳಿದ 200 ಯೂನಿಟ್ ಲೆಕ್ಕಕ್ಕೆ ಇದು ದೊಡ್ಡದೇ. ಚಾವಣಿ ಸೋಲಾರಿನ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ಸಬ್ಸಿಡಿ ಇದೆ ನಿಜ, ಆದರೆ ಉಳಿದ ದುಡ್ಡು ನೀವೇ ಹಾಕಬೇಕು, ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುವ ಮನೆಗೆ ಈಗಲೇ ಅವಸರ ಇಲ್ಲ.

ಮಳೆನೀರು ಬಿಡಬೇಡಿ. ನಿಮ್ಮ ಟೆರೇಸ್ 800 ಚದರಡಿ ಅಂತ ಇಟ್ಟುಕೊಳ್ಳಿ, 20 ಮಿಲಿಮೀಟರ್ ಮಳೆ ಬಿದ್ದರೆ ಸಾವಿರದ ನಾನೂರು ಲೀಟರ್ ಮೇಲೆ ಬರುತ್ತದೆ. ಪೈಪ್ ಹೇಗೂ ಇದೆ. ಮೊದಲ ಮಳೆಯ ಕೊಳೆ ನೀರು ಹೊರಗೆ ಬಿಡಲು ಒಂದು ವಾಲ್ವ್, ಒಂದು ಫಿಲ್ಟರ್, ಅಲ್ಲಿಂದ ನೆಲದಡಿಯ ಸಂಪ್ ಟ್ಯಾಂಕಿಗೆ. ಟೆರೇಸ್ ಕೆಲಸದ ಜೊತೆಗೇ ಮಾಡಿಸಿದರೆ ಪ್ಲಂಬರ್ ಕೂಲಿ ಒಂದೇ ಸಲ.

ಕಿಟ್‌ಕ್ಯಾಟ್ ಫ್ಯೂಸ್ ತೆಗೆಸಿ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಹಾಕಿಸಿ, ಜೊತೆಗೆ ಶಾಕ್ ತಡೆಯಲು 30 ಮಿಲಿಆಂಪ್ ಆರ್‌ಸಿಸಿಬಿ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಿ ಶಾಕ್ ಹೊಡೆದರೆ ಕ್ಷಣದಲ್ಲಿ ಕರೆಂಟ್ ಕಡಿಯುತ್ತದೆ. ಮಾರುವ ಬೆಲೆಗೆ ಎಷ್ಟು ಸೇರುತ್ತೋ ಬಿಡಿ, ಅಮ್ಮ ಒಬ್ಬರೇ ಇದ್ದಾರೆ, ಇದನ್ನು ಈ ವಾರವೇ ಮಾಡಿಸಿ. ಅರ್ಥಿಂಗ್ ಕೂಡ ಪರೀಕ್ಷೆ ಮಾಡಿಸಿ.

ಗೃಹಸಾಲ_ಮೈಸೂರು

ಗೃಹಸಾಲದ ಕಡತಗಳನ್ನು ನೋಡುವ ಕೆಲಸ ನನ್ನದು. ಎಲ್ಲರೂ ಗೋಡೆ, ನೆಲದ ಬಗ್ಗೆ ಹೇಳಿದ್ದೀರಿ, ನಾನು ಕಾಗದದ ಬಗ್ಗೆ ಹೇಳುತ್ತೇನೆ. ಕುವೆಂಪುನಗರದಂಥ ಕಡೆ ಬೆಲೆಯ ದೊಡ್ಡ ಪಾಲು ಜಾಗದ್ದು. ಕಟ್ಟಡಕ್ಕೆ ವಯಸ್ಸಾದಷ್ಟೂ ಬ್ಯಾಂಕಿನ ಮೌಲ್ಯಮಾಪಕರು ಅದರ ಬೆಲೆ ಕಡಿಮೆ ಹಾಕುತ್ತಾರೆ. ಕೊಳ್ಳುವವರು ಬಹುತೇಕ ಸಾಲ ಮಾಡಿಯೇ ಕೊಳ್ಳುತ್ತಾರೆ. ಅವರ ಸಾಲ ನಿಲ್ಲುವುದು ಕಾಗದದಲ್ಲಿ.

ಮನೆಯ ಖಾತೆ ಇನ್ನೂ ತಂದೆಯವರ ಹೆಸರಿನಲ್ಲೇ ಇದೆಯಾ? ಹಾಗಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ ತೆಗೆದುಕೊಂಡು ಖಾತೆ ವಾರಸುದಾರರ ಹೆಸರಿಗೆ ಮಾಡಿಸಿ, ಇ-ಖಾತೆ ಮಾಡಿಸಿ. ಇ-ಖಾತೆ ಇಲ್ಲದೆ ನೋಂದಣಿ ಮುಂದಕ್ಕೆ ಹೋಗುವುದಿಲ್ಲ. ಮೇಲಿನ ಮನೆಗೆ ಪ್ಲ್ಯಾನ್ ಮಂಜೂರಾಗಿದೆಯಾ ಅಂತ ಹುಡುಕಿ, ಪ್ಲ್ಯಾನಿನಲ್ಲಿ ಇಲ್ಲದ ಕಟ್ಟಡಕ್ಕೆ ಬ್ಯಾಂಕ್ ಬೆಲೆ ಹಾಕಲು ಹಿಂದೆ ಮುಂದೆ ನೋಡುತ್ತದೆ. ಬಾಡಿಗೆ ಆಸೆಗೆ ಟೆರೇಸ್ ಮೇಲೆ ಶೀಟ್ ಹಾಕಿ ಇನ್ನೊಂದು ರೂಮು ಮಾಡಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಕಂದಾಯದ ರಸೀದಿಗಳನ್ನು ವರ್ಷದ ಪ್ರಕಾರ ಜೋಡಿಸಿಡಿ. ಏಪ್ರಿಲ್ ಒಳಗೆ ಕಟ್ಟಿದರೆ ಶೇ 5 ರಿಯಾಯಿತಿ ಸಿಗುತ್ತದೆ. ಇಸಿಯನ್ನು (ಋಣಭಾರ ಪ್ರಮಾಣಪತ್ರ) ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲೇ ತೆಗೆಸಬಹುದು.

ಇದಕ್ಕೆಲ್ಲ ಆಗುವ ಖರ್ಚು ಒಂದು ರೂಮಿನ ಫಾಲ್ಸ್ ಸೀಲಿಂಗಿನಷ್ಟೂ ಇಲ್ಲ. ಆದರೆ ಸಮಯ ಹಿಡಿಯುತ್ತದೆ, ಅದಕ್ಕೇ ಮಾರುವ ಹೊತ್ತಿಗೆ ಅಲ್ಲ, ಈಗ ಶುರುಮಾಡಿ.

ಸಹನಾ_ಕುವೆಂಪುನಗರ

ಖಾತೆ ಅಪ್ಪನ ಹೆಸರಿನಲ್ಲೇ ಇದೆ. ಅಣ್ಣ ರಜೆಗೆ ಬಂದಾಗ ಅವನ ಸಹಿ ಹಾಕಿಸಿ ಆ ಕೆಲಸ ಶುರುಮಾಡುತ್ತೇವೆ. ಎಂಸಿಬಿಗೆ ಎಲೆಕ್ಟ್ರಿಷಿಯನ್‌ಗೆ ಹೇಳಿಯಾಯಿತು. ಅಗ್ರಹಾರದ ಅಕ್ಕ ಹೇಳಿದ್ದನ್ನು ಅಮ್ಮನಿಗೆ ಓದಿ ಹೇಳಿದೆ, ನೆಲ ಮುಚ್ಚುವುದು ಅವರಿಗೂ ಇಷ್ಟ ಇರಲಿಲ್ಲವಂತೆ, ಹೇಳಿರಲಿಲ್ಲ ಅಷ್ಟೇ. ಬೋಗಾದಿ ಸರ್, ಕೊನೆಯದಾಗಿ ಒಂದು ಪ್ರಶ್ನೆ. ಟೆರೇಸ್ ಕೆಲಸ ಸರಿಯಾಗಿ ಆಗಿದೆಯೋ ಇಲ್ಲವೋ ಮಳೆ ಬರುವ ತನಕ ಗೊತ್ತಾಗಲ್ಲ ಅಲ್ವಾ? ಅಷ್ಟರಲ್ಲಿ ಮೇಸ್ತ್ರಿ ದುಡ್ಡು ತೆಗೆದುಕೊಂಡು ಹೋಗಿರುತ್ತಾನೆ.

ಬೋಗಾದಿ_ಇಂಜಿನಿಯರ್

ಮಳೆಗೆ ಕಾಯಬೇಕಾಗಿಲ್ಲ. ಕೋಟಿಂಗ್ ಪೂರ್ತಿ ಒಣಗಿದ ಮೇಲೆ, ಡಬ್ಬದ ಮೇಲೆ ಎಷ್ಟು ದಿನ ಅಂತ ಬರೆದಿರುತ್ತದೆ, ಮಳೆನೀರಿನ ಪೈಪಿನ ಬಾಯಿಗೆ ಬಟ್ಟೆ ತುರುಕಿ ಮುಚ್ಚಿ ಟೆರೇಸ್ ಮೇಲೆ ನೀರು ನಿಲ್ಲಿಸಿ. ಎರಡು ಇಂಚು ಸಾಕು. ಅಷ್ಟಕ್ಕೇ ಚದರ ಮೀಟರಿಗೆ 50 ಕೆ.ಜಿ. ಭಾರ ಬೀಳುತ್ತದೆ, ಹಳೇ ಸ್ಲ್ಯಾಬ್ ಮೇಲೆ ಅದಕ್ಕಿಂತ ಜಾಸ್ತಿ ಬೇಡ. ಎರಡು ದಿನ ಬಿಟ್ಟು ಕೆಳಗಿನಿಂದ ಸೀಲಿಂಗ್ ನೋಡಿ, ಆ ಕಪ್ಪು ಮೂಲೆಯನ್ನು ಕೈಯಿಂದ ಮುಟ್ಟಿ ನೋಡಿ. ನಲ್ಲಿ ನೀರು ಬರುವ ದಿನ ನೋಡಿಕೊಂಡು ಮಾಡಿ, ನೀರು ಸುಮ್ನೆ ಚರಂಡಿಗೆ ಬಿಡದೆ ಪೈಪ್ ಹಾಕಿ ಗಿಡಗಳಿಗೆ ಇಳಿಸಿ.

ಮೇಸ್ತ್ರಿ ಜೊತೆ ಮೊದಲೇ ಮಾತಾಡಿಕೊಳ್ಳಿ. ಸಾಮಾನು ನೀವೇ ತಂದುಕೊಡಿ, ಕೂಲಿಯಲ್ಲಿ ಕೊನೆಯ ಕಂತು ನೀರು ನಿಲ್ಲಿಸಿ ನೋಡಿದ ಮೇಲೆ ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಒಳ್ಳೆ ಕೆಲಸಗಾರ ಇದಕ್ಕೆ ಬೇಡ ಅನ್ನುವುದಿಲ್ಲ. ಬೇಡ ಅಂದವನಿಗೆ ಕೆಲಸ ಕೊಡಬೇಡಿ.